ವ್ಯಾಕರಣ

‘ವಿ’ ಮತ್ತು ‘ಆ’ ಎಂಬ ಉಪಸರ್ಗಗಳು ‘ಕೃ’ ಧಾತುವಿನ ಹಿಂದೆ ನಿಂತು, ‘ಅನ’ ಪ್ರತ್ಯಯವು ಮುಂದೆ ಸೇರಿ ಆದ ‘ವ್ಯಾಕರಣ’ ಎಂಬ ಸಂಸ್ಕೃತ ಪದಕ್ಕೆ ಬಿಡಿಸಿ ತೋರಿಸುವುದು, ಬೇರ್ಪಡಿಸಿ ವಿವರಿಸುವುದು ಎಂಬುದು ಮೂಲಾರ್ಥ. ಆರು ವೇದಾಂಗಗಳಲ್ಲಿ ಒಂದಾದ ಶಾಸ್ತ್ರಕ್ಕೆ ನಿಂತ ಈ ಹೆಸರು ಕನ್ನಡದಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, ಭಟ್ಟಾಕಳಂಕನ ‘ಶಬ್ದಾನುಶಾಸನ’ (1604) ಮೊದಲಾದ ಲಕ್ಷಣಗ್ರಂಥಗಳಿಗೂ ಸಲ್ಲುತ್ತ ಬಂದಿದೆ. ಶಾಲೆಯ ಪಾಠದಲ್ಲಿ ಮಾತ್ರ ಅದು ತಪ್ಪು ಒಪ್ಪುಗಳ ಪಟ್ಟಿಯಾಗಿ ಸೊರಗಿತು.

ಇಂದಿನ ಭಾಷಾವಿಜ್ಞಾನದಲ್ಲಿ ಪದದ ವ್ಯಾಪ್ತಿ ಬೇರೆಯೇ ಆಗಿದ್ದು, ಆಡುವವನ ಅರಿವಿಗೆ ಬಾರದೆ ಅವನ ಮಿದುಳಿನಲ್ಲಿ ನೆಲೆಸಿರುವ ಕ್ರಮವನ್ನೇ ಅದು ಸೂಚಿಸುತ್ತದೆ. ಈ ಕ್ರಮ ಹೇಗೆ ಮೂಡುತ್ತದೆಂಬುದಕ್ಕೆ ಅರಿವಿನ ವಿಜ್ಞಾನಿ ಜೆಫ್ರಿ ಎಲ್ಮನ್ 1990ರಲ್ಲಿ ಕಂಪ್ಯೂಟರಿನ ಮಾದರಿಯೊಂದನ್ನು ಮುಂದಿಟ್ಟರು. ತನ್ನ ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಕೃತಕ ನರಜಾಲಕ್ಕೆ ಎರಡು ಮೂರು ಪದಗಳ ಸರಳ ವಾಕ್ಯಗಳನ್ನು ಒಂದರ ಹಿಂದೊಂದು ಉಣಿಸಿ, ಮುಂದಿನ ಪದವನ್ನು ಊಹಿಸುವ ಕೆಲಸವನ್ನಷ್ಟೇ ಒಪ್ಪಿಸಿದಾಗ, ಯಾರೂ ಹೇಳಿಕೊಡದಿದ್ದರೂ ಅದರ ಒಳಗೆ ನಾಮಪದಗಳು ಒಂದು ಗುಂಪಾಗಿಯೂ ಕ್ರಿಯಾಪದಗಳು ಇನ್ನೊಂದು ಗುಂಪಾಗಿಯೂ ಬೇರ್ಪಟ್ಟಿದ್ದವು. ವ್ಯಾಕರಣದ ಮೂಲಾರ್ಥಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗುವುದು ಕಷ್ಟ.

ಕೇಳಿದ್ದರಿಂದಲೇ ಕ್ರಮವನ್ನು ಹೆಕ್ಕುವ ಇಂಥ ಕಲಿಕೆ ಶಿಶುಗಳಲ್ಲೂ ಉಂಟು: 1996ರಲ್ಲಿ ಮನೋವಿಜ್ಞಾನಿ ಜೆನ್ನಿ ಸಫ್ರಾನ್ ಮತ್ತು ಸಂಗಡಿಗರು, ಎಂಟು ತಿಂಗಳ ಶಿಶುಗಳು ಎರಡೇ ನಿಮಿಷ ಕೇಳಿದ ಬಿಡುವಿಲ್ಲದ ಅರ್ಥಹೀನ ಧ್ವನಿಪ್ರವಾಹದಲ್ಲಿ ಯಾವ ಅಕ್ಷರದ ಬಳಿಕ ಯಾವುದು ಬರುತ್ತದೆಂಬ ಸಂಭವವನ್ನು ಗ್ರಹಿಸಿ ಪದದ ಅಂಚುಗಳನ್ನು ಗುರುತಿಸುತ್ತವೆಂದು ತೋರಿಸಿದರು. ಪದವನ್ನು ಬಿಡಿಸುವುದು ವಾಕ್ಯವನ್ನು ಕಟ್ಟುವುದಕ್ಕೆ ಸಮವಲ್ಲವಾದ್ದರಿಂದ, ಹುಟ್ಟಿನಿಂದ ಬಂದ ಭಾಷಾಸಾಮರ್ಥ್ಯವನ್ನು ಎತ್ತಿಹಿಡಿದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯವರ ಪಕ್ಷ ಇದರಿಂದ ಬಿದ್ದುಹೋಗಲಿಲ್ಲ. ಇನ್ನು ಈ ಕ್ರಮ ಮಿದುಳಿನಲ್ಲಿ ಎಲ್ಲಿ ನೆಲೆಸಿದೆ ಎಂಬುದಕ್ಕೆ ಬಂದರೆ, ವಾಕ್ಯರಚನೆ ತೊಡಕಾದಷ್ಟೂ ಮಿದುಳಿನ ಎಡಮುಂಭಾಗದ ಬ್ರೋಕಾ ಪ್ರದೇಶ ಹೆಚ್ಚು ಚುರುಕಾಗುವುದನ್ನು ಅನೇಕ ಚಿತ್ರಣಾಧ್ಯಯನಗಳು ಕಂಡಿದ್ದರೂ, ಆ ಪ್ರದೇಶ ವ್ಯಾಕರಣಕ್ಕೇ ಮೀಸಲೆಂಬುದು ವಿವಾದದಲ್ಲಿದೆ.