ಕತ್ತರಿ ಬಿಟ್ಟುಹೋದ ತೂತು

ಟ್ಯಾಬ್ಲೆಟ್‌ನಲ್ಲಿ ಫೋಟೋ ಮೇಲೆ ಬೆರಳು ಒತ್ತಿ ಹಿಡಿದ್ರೆ ‘ಕಾಪಿ’, ಇನ್ನೊಂದು ಕಡೆ ‘ಪೇಸ್ಟ್’. ಮುಗೀತು. ಈ ‘ಪೇಸ್ಟ್’ ಒಂದು ಕಾಲಕ್ಕೆ ನಿಜವಾದ ಗೋಂದು ಅನ್ನೋದು ನಮಗೆ ಮರೆತೇ ಹೋಗಿದೆ.

1970ರ ದಶಕದಲ್ಲಿ ಅಮೆರಿಕದ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರು ಹಸ್ತಪ್ರತಿಯನ್ನು ಕತ್ತರಿಸಿ, ಅಂಟಿಸಿ ತಿದ್ದುತ್ತಿದ್ದರು. ಅವರಿಗಾಗಿ ಜೆರಾಕ್ಸ್ ಪಾರ್ಕ್‌ನಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಎಂಬ ತಂತ್ರಾಂಶ ಬರೆದರು. ಕತ್ತರಿ, ಗೋಂದು ಎರಡೂ ಪರದೆಯೊಳಕ್ಕೆ ಬಂದವು. 1984ರ ಮ್ಯಾಕಿಂಟೋಷ್‌ನಲ್ಲಿ ಮ್ಯಾಕ್‌ಪೇಂಟ್‌ನ ಚಿತ್ರವನ್ನು ಮ್ಯಾಕ್‌ರೈಟ್‌ನ ಪತ್ರಕ್ಕೆ ಅಂಟಿಸಬಹುದಿತ್ತು. ತಮಾಷೆ ಅಂದ್ರೆ, 2007ರ ಮೊದಲ ಐಫೋನ್‌ನಲ್ಲಿ ಈ ಸೌಲಭ್ಯ ಇರ್ಲೇ ಇಲ್ಲ! ಬಂದದ್ದು 2009ರಲ್ಲಿ. ಮರುವರ್ಷ ಬಂದ ಐಪ್ಯಾಡ್‌ಗೆ ಅದು ಹುಟ್ಟಿನಿಂದಲೇ ಸಿಕ್ಕಿತು.

ಈ ದಾರಿಯಲ್ಲಿ ಒಂದು ವಸ್ತು ಕಳೆದುಹೋಯ್ತು: ತೂತು. ಕತ್ತರಿ ಹಾಕಿದ ಹಾಳೆಯಲ್ಲಿ, ಇಲ್ಲಿಂದ ಏನೋ ತೆಗೆದಿದ್ದಾರೆ ಅನ್ನೋದು ಕಾಣ್ತಿತ್ತು. ಕಾಪಿ ಯಾವ ಗುರುತನ್ನೂ ಬಿಡಲ್ಲ. ಚಿತ್ರ ನಮ್ಮ ಜೊತೆ ಬರುತ್ತೆ, ಕೆಳಗಿದ್ದ ಛಾಯಾಗ್ರಾಹಕನ ಹೆಸರು ಅಲ್ಲೇ ಉಳಿಯುತ್ತೆ. ನಾಲ್ಕು ಕೈ ದಾಟಿದ ಮೇಲೆ ಅದು ಯಾರದ್ದೂ ಅಲ್ಲದ ಚಿತ್ರ.

ಹೆಸರನ್ನೂ ತರೋಕೆ ಇನ್ನೊಂದು ಸಲ ಬೆರಳು ಒತ್ತಿದ್ರೆ ಸಾಕು.