‘ಗಿವ್ ಅಪ್’: ಸಂಪ್ರದಾನ ಲೋಪದ ಒಂದು ಚರಿತ್ರೆ

ಇಂಗ್ಲಿಷಿನ ‘ಗಿವ್ ಅಪ್’ ಎಂಬ ಫ್ರೇಸಲ್ ವರ್ಬಿಗೆ ಸಮಾನಾರ್ಥಕ ಕೋಶಗಳು ನೀಡುವ ಪರ್ಯಾಯಗಳು ಒಂದೇ ಜಾತಿಯವಲ್ಲ. ‘ಸರೆಂಡರ್’, ‘ಯೀಲ್ಡ್’, ‘ರಿಲಿಂಕ್ವಿಶ್’, ‘ರಿನೌನ್ಸ್’, ‘ಅಬ್ಯಾಂಡನ್’, ‘ಸೀಸ್’, ‘ಡಿಸ್ಪೇರ್’ ಇವೆಲ್ಲವೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕೋಟೆಯನ್ನು ಒಪ್ಪಿಸುವುದು, ಹಕ್ಕನ್ನು ತ್ಯಜಿಸುವುದು, ಧೂಮಪಾನವನ್ನು ನಿಲ್ಲಿಸುವುದು, ಪ್ರಯತ್ನದಲ್ಲಿ ಕೈಚೆಲ್ಲುವುದು ಎಂಬ ನಾಲ್ಕು ಅರ್ಥಗಳು ಒಂದೇ ರೂಪದಲ್ಲಿ ಹೇಗೆ ಕೂಡಿದವು? ‘ಅಪ್’ ಎಂಬ ಅವ್ಯಯವು ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತದೆ ಎಂಬುದು ವಾಡಿಕೆಯ ಉತ್ತರ. ಆದರೆ ‘ಈಟ್ ಅಪ್’ ಎಂದಾಗ ತಿನ್ನುವ ಕ್ರಿಯೆ ಪೂರ್ಣವಾಗುತ್ತದೆ, ಅದು ತಿನ್ನುವುದಾಗಿಯೇ ಉಳಿಯುತ್ತದೆ. ಧೂಮಪಾನವನ್ನು ‘ಗಿವ್ ಅಪ್’ ಮಾಡುವವನಾದರೋ ಯಾರಿಗೂ ಏನನ್ನೂ ಕೊಡುವುದಿಲ್ಲ. ಆದ್ದರಿಂದ ವಿವರಣೆಯನ್ನು ಅವ್ಯಯದಲ್ಲಿ ಮಾತ್ರವಲ್ಲ, ‘ಕೊಡು’ ಧಾತುವಿನ ಕಾರಕ ವಿನ್ಯಾಸದಲ್ಲಿ ಹುಡುಕಬೇಕಾಗುತ್ತದೆ. ಈ ಕ್ರಿಯಾಪದದ ಅರ್ಥವಿಸ್ತಾರವು ಸಂಪ್ರದಾನದ, ಎಂದರೆ ಪಡೆಯುವವನ, ಕ್ರಮೇಣ ಲೋಪದ ಚರಿತ್ರೆ ಎಂಬುದು ಪ್ರಸ್ತುತ ಲೇಖನದ ವಾದ.

ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸವನ್ನು ಉಪಸರ್ಗಗಳು ನಿರ್ವಹಿಸುತ್ತಿದ್ದವು. ‘ಗಿಯೆಫನ್’ ಎಂದರೆ ಕೊಡು. ‘ಆಗಿಯೆಫನ್’ ಎಂದರೆ ಹಿಂದಿರುಗಿಸು, ಸಲ್ಲಿಸು. ‘ಫೊರ್‌ಗಿಯೆಫನ್’ ಎಂದರೆ ದಾನಮಾಡು, ಕ್ಷಮಿಸು. ‘ಒಫ್‌ಗಿಯೆಫನ್’ ಎಂದರೆ ತೊರೆ. ಕಾವ್ಯದಲ್ಲಿ ಲೋಕವನ್ನು ತೊರೆದು ಹೋಗುವವರಿಗೆ ಈ ಕೊನೆಯ ರೂಪವೇ ಬಳಕೆಯಾಗುತ್ತಿತ್ತು. ಕ್ರಿಯಾಪದದ ಹಿಂದೆ ಅಂಟಿಕೊಂಡಿದ್ದ ಇಂತಹ ಉಪಸರ್ಗಗಳು ಕ್ಷೀಣಿಸಿದಂತೆ, ಅದರ ನಂತರ ಬಿಡಿಯಾಗಿ ನಿಲ್ಲುವ ಅವ್ಯಯಗಳು ಬಲಗೊಂಡವು. ಹಳೆಯ ನಾರ್ಸ್ ಭಾಷೆಯಲ್ಲಿ ‘ಗೆಫಾ ಉಪ್ಪ್’ ಎಂಬ ಜೋಡಿ ಇದ್ದುದರಿಂದ ಸ್ಕ್ಯಾಂಡಿನೇವಿಯನ್ ಪ್ರಭಾವದ ಪ್ರಶ್ನೆಯೂ ಇಲ್ಲಿ ಏಳುತ್ತದೆ.

ಈ ಜೋಡಿಯ ಅತಿ ಹಳೆಯ ದಾಖಲೆಗಳಲ್ಲೊಂದು 1154ಕ್ಕೆ ಮುಗಿಯುವ ಪೀಟರ್‌ಬರೋ ಕ್ರಾನಿಕಲ್‌ನಲ್ಲಿದೆ. ದೊರೆ ಸ್ಟೀಫನ್ ಸಾಲಿಸ್‌ಬರಿಯ ಬಿಷಪ್ ರೋಜರ್, ಲಿಂಕನ್ನಿನ ಬಿಷಪ್ ಅಲೆಕ್ಸಾಂಡರ್ ಹಾಗೂ ಚಾನ್ಸಲರ್ ರೋಜರ್ ಇವರನ್ನು ಸೆರೆಯಲ್ಲಿಟ್ಟು, ಕೋಟೆಗಳನ್ನು ಒಪ್ಪಿಸುವವರೆಗೆ ಬಿಡಲಿಲ್ಲವೆಂದು 1137ರ ನಮೂದು ಹೇಳುತ್ತದೆ. ಘಟನೆ ನಡೆದದ್ದು 1139ರಲ್ಲಿ. ಅಲ್ಲಿ ಬರುವ ರೂಪ ‘ಯಾಫೆನ್ ಉಪ್’. ಮೊದಲ ವ್ಯಂಜನ ಯಕಾರವಾಗಿರುವುದು ಗಮನಾರ್ಹ. ಗಕಾರವುಳ್ಳ ಇಂದಿನ ‘ಗಿವ್’ ನಾರ್ಸ್ ಪ್ರಭಾವದ ಫಲವೆಂದು ಪರಿಗಣಿತವಾಗಿದೆ. ಕ್ರಾನಿಕಲ್‌ನ ಧಾತುವಾದರೋ ದೇಶೀಯ ಉಚ್ಚಾರಣೆಯನ್ನೇ ಉಳಿಸಿಕೊಂಡಿದೆ. ಆದುದರಿಂದ ಜೋಡಿಯ ಮಾದರಿ ನಾರ್ಸಿನದೆಂದು ಒಪ್ಪಿದರೂ, ಧಾತುವಿನ ರೂಪ ಅಲ್ಲಿಂದ ಬಂದದ್ದಲ್ಲ. ನಮ್ಮ ವಾದಕ್ಕೆ ಇನ್ನೂ ಮುಖ್ಯವಾದ ಸಂಗತಿಯೆಂದರೆ, ‘ದೊರೆಗೆ’ ಎಂಬ ಪದ ಅಲ್ಲಿ ಬರುವುದೇ ಇಲ್ಲ. ಪಡೆಯುವವನು ಸಂದರ್ಭದಿಂದ ಸ್ಪಷ್ಟ. ವಾಕ್ಯದಲ್ಲಿ ಮಾತ್ರ ಅನುಕ್ತ. ಲೋಪದ ಮೊದಲ ಹೆಜ್ಜೆ ಇದೇ.

ಎರಡನೆಯ ಹೆಜ್ಜೆಯನ್ನು 1611ರ ಕಿಂಗ್ ಜೇಮ್ಸ್ ಬೈಬಲ್ ತೋರಿಸುತ್ತದೆ. ಕ್ರಿಸ್ತನ ಮರಣವನ್ನು ಹೇಳುವಲ್ಲಿ ಗ್ರೀಕ್ ಮೂಲದ ಕ್ರಿಯಾಪದಗಳು ಬೇರೆ ಬೇರೆ: ಮತ್ತಾಯನಲ್ಲಿ ‘ಬಿಟ್ಟನು’, ಮಾರ್ಕ ಮತ್ತು ಲೂಕರಲ್ಲಿ ‘ಉಸಿರು ಹೊರಹಾಕಿದನು’, ಯೋಹಾನನಲ್ಲಿ ‘ಒಪ್ಪಿಸಿದನು’ ಎಂಬ ಅರ್ಥದವು. ಇಂಗ್ಲಿಷ್ ಅನುವಾದವು ಮತ್ತಾಯನಿಗೆ ‘ಯೀಲ್ಡ್ ಅಪ್’ ಬಳಸಿ, ಉಳಿದ ಮೂವರಿಗೂ ‘ಗಿವ್ ಅಪ್’ ಎಂದಿತು. ಕರ್ಮ ‘ಘೋಸ್ಟ್’, ಅಂದರೆ ಆತ್ಮ. ಒಪ್ಪಿಸುವುದರಲ್ಲಿ ಸ್ವೀಕರಿಸುವವನೊಬ್ಬ ಇರಲೇಬೇಕು. ಉಸಿರು ಹೊರಹಾಕುವುದರಲ್ಲಿ ಇರಬೇಕಾಗಿಲ್ಲ. ಎರಡನ್ನೂ ಒಂದೇ ರೂಪ ಹೊತ್ತುಕೊಂಡಿತೆಂದರೆ, ಆ ವೇಳೆಗೆ ಸಂಪ್ರದಾನವು ಅದರ ಅರ್ಥಕ್ಕೆ ಅನಿವಾರ್ಯವಾಗಿ ಉಳಿದಿರಲಿಲ್ಲವೆಂದೇ ತಿಳಿಯಬೇಕು.

ಮೂರನೆಯ ಹೆಜ್ಜೆಯಲ್ಲಿ ಕರ್ಮಸ್ಥಾನಕ್ಕೆ ವಸ್ತುವಿನ ಬದಲು ಕ್ರಿಯೆಯೇ ಬರುತ್ತದೆ. ಅಭ್ಯಾಸವನ್ನು ಯಾರೂ ಪಡೆಯಲಾರರಾದುದರಿಂದ ಅರ್ಥವು ‘ನಿಲ್ಲಿಸು’ ಎಂದಾಗುತ್ತದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನ ಮುನ್ನುಡಿಯಲ್ಲಿ, ವಿದೇಶೀಯರಿಗೆ ಅತ್ಯಂತ ಕಷ್ಟಕೊಡುವ ಇಂತಹ ಜೋಡಿಗಳನ್ನು ಪಟ್ಟಿಮಾಡುವಾಗ, ‘ನಿಲ್ಲಿಸು’ ಎಂಬ ಅರ್ಥಕ್ಕೆ ಉದಾಹರಿಸಿದ್ದು ‘ಗಿವ್ ಓವರ್’ ಎಂಬುದನ್ನು. ಮುಂದೆ ಆ ಸ್ಥಾನವನ್ನು ‘ಗಿವ್ ಅಪ್’ ಬಹುಮಟ್ಟಿಗೆ ಆಕ್ರಮಿಸಿತು. ಕಡೆಗೆ ಕರ್ಮವೂ ಲೋಪವಾಗಿ, ಅಕರ್ಮಕವಾದ ‘ಗಿವ್ ಅಪ್’ ಸೋಲೊಪ್ಪುವ ಮನಃಸ್ಥಿತಿಯನ್ನಷ್ಟೇ ಹೇಳುತ್ತದೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ನೆಲೆಗೊಂಡದ್ದಂತೂ ಬಹಳ ತಡವಾಗಿ, ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಅದನ್ನು ಬಳಸಿದ ಮೇಲೆ. ಹೆಸರನ್ನು ಸೂಚಿಸಿದವರು ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಹೇಳಿದ್ದಾರೆ.

ಈ ಹಾದಿ ‘ಗಿವ್ ಅಪ್’ ಒಂದಕ್ಕೇ ಸೀಮಿತವಲ್ಲ. ಹಳೆಯ ಫ್ರೆಂಚಿನಿಂದ ಬಂದ ‘ಅಬ್ಯಾಂಡನ್’ ಪದದ ಮೂಲದಲ್ಲಿರುವುದು ಇನ್ನೊಬ್ಬರ ಅಧೀನಕ್ಕೆ ಒಪ್ಪಿಸುವ ಕಲ್ಪನೆ. ಇಂದು ಅಲ್ಲಿ ಆ ‘ಇನ್ನೊಬ್ಬರು’ ಇಲ್ಲ. ‘ಯೀಲ್ಡ್’ ಮೂಲತಃ ‘ತೆರು’ ಎಂಬ ಅರ್ಥದ ದೇಶೀಯ ಪದ. ಕಾನೂನಿನ ನಂಟುಳ್ಳ ‘ಸರೆಂಡರ್’ ಮಾತ್ರ ಪಡೆಯುವವನನ್ನು ಇಂದಿಗೂ ಬಿಗಿಯಾಗಿ ಹಿಡಿದಿದೆ.

ಇಂಗ್ಲಿಷಿನಲ್ಲಿ ಅಡಗಿರುವ ಈ ಭೇದವನ್ನು ಕನ್ನಡದ ಸಂಯುಕ್ತ ಕ್ರಿಯಾಪದಗಳು ಬಯಲಿಗೆ ತರುತ್ತವೆ. ‘ಕೋಟೆಯನ್ನು ಬಿಟ್ಟುಕೊಟ್ಟನು’ ಎಂಬುದು ಸಹಜ. ಚಟ ನಿಲ್ಲಿಸಿದನೆಂಬ ಅರ್ಥದಲ್ಲಿ ‘ಧೂಮಪಾನವನ್ನು ಬಿಟ್ಟುಕೊಟ್ಟನು’ ಎನ್ನಲಾಗದು, ಅಲ್ಲಿ ‘ಬಿಟ್ಟುಬಿಟ್ಟನು’ ಎಂದೇ ಆಗಬೇಕು. ‘ಹಟವನ್ನು ಬಿಟ್ಟುಕೊಡಲಿಲ್ಲ’ ಎಂಬಲ್ಲಿ ಎದುರಾಳಿಯೊಬ್ಬ ಅನುಕ್ತನಾಗಿ ಇದ್ದೇ ಇರುತ್ತಾನೆ. ‘ಪ್ರಾಣ ಬಿಟ್ಟನು’ ಎಂದರೆ ಸಾವು, ‘ಪ್ರಾಣ ಕೊಟ್ಟನು’ ಎಂದರೆ ತ್ಯಾಗ. ಇಲ್ಲಿ ‘ಕೊಡು’ ಸಹಾಯಕ ಸ್ಥಾನದಲ್ಲಿದ್ದೂ ತನ್ನ ಸಂಪ್ರದಾನವನ್ನು ಕಾಪಾಡಿಕೊಂಡಿದೆ. ಇಂಗ್ಲಿಷಿನ ‘ಗಿವ್’ ಪ್ರಧಾನ ಸ್ಥಾನದಲ್ಲಿದ್ದೂ ಅದನ್ನು ಕಳೆದುಕೊಂಡಿದೆ.

ದ್ವಿಭಾಷಾ ನಿಘಂಟುಗಳು ‘ಗಿವ್ ಅಪ್’ ಎದುರು ‘ತ್ಯಜಿಸು, ಬಿಟ್ಟುಕೊಡು, ಶರಣಾಗು’ ಎಂದು ಪರ್ಯಾಯಗಳನ್ನು ಬರಿದೆ ಪೋಣಿಸಿದರೆ ಅನುವಾದಕನಿಗೆ ದಾರಿ ತೋರುವುದಿಲ್ಲ. ಪಡೆಯುವವನು ಇದ್ದಾನೆಯೇ, ಕರ್ಮವು ವಸ್ತುವೋ ಕ್ರಿಯೆಯೋ, ಕರ್ಮವೇ ಇಲ್ಲವೋ ಎಂಬ ಮೂರು ಪ್ರಶ್ನೆಗಳ ಕ್ರಮದಲ್ಲಿ ಅವುಗಳನ್ನು ವಿಂಗಡಿಸುವುದು ಸಾಧ್ಯ. ಆ ಕ್ರಮವೇ ಈ ಕ್ರಿಯಾಪದ ನಡೆದುಬಂದ ಚಾರಿತ್ರಿಕ ಕ್ರಮವೂ ಆಗಿದೆ.