ತಟಾಕದೋಷವೂ ಪಕ್ಷಿಗಳ ನೆಲೆಯೂ

ಹೊನ್ನವಳ್ಳಿಯಿಂದ ತಿಪಟೂರು, ನೊಣವಿನಕೆರೆ, ತುರುವೇಕೆರೆಗಳ ಮಾರ್ಗವಾಗಿ ಕಡಬಕ್ಕೆ ಪಯಣಮಾಡುವವರಿಗೆ ತೆಂಗಿನ ತೋಟಗಳ ನಡುನಡುವೆ ಕೆರೆಯ ಏರಿಗಳು ಗೋಚರವಾಗುತ್ತವೆ. ಇಲ್ಲಿ ಊರುಗಳ ಹೆಸರುಗಳೇ ಕೆರೆಗಳನ್ನು ಸಾರುತ್ತವೆ. ಇವುಗಳಲ್ಲಿ ಕಡಬದ ಕೆರೆಯು ವಿಸ್ತಾರವಾದುದು. ಶಿಂಷಾನದಿಗೆ ಏರಿಯನ್ನು ಹಾಕಿ ನಿರ್ಮಿಸಿದುದು. ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಇದನ್ನು ಕಟ್ಟಿಸಿದನೆಂಬುದು ಐತಿಹ್ಯ. ಈ ಊರಿನಲ್ಲಿ ದೊರೆತ ರಾಷ್ಟ್ರಕೂಟ ಮೂರನೆಯ ಗೋವಿಂದನ ಶಕ ೭೩೫ರ ತಾಮ್ರಶಾಸನವು ಅರ್ಕಕೀರ್ತಿಯೆಂಬ ಜೈನಮುನಿಗೆ ಜಾಲಮಂಗಲ ಗ್ರಾಮವನ್ನು ದತ್ತಿಯಾಗಿ ಕೊಟ್ಟುದನ್ನು ತಿಳಿಸುತ್ತದೆ. ಇದರ ಬಲದಿಂದ ಕೆರೆಯ ಕಾಲವನ್ನು ನಿರ್ಣಯಿಸುವುದು ಯುಕ್ತವಲ್ಲ; ಶಾಸನವು ದೊರೆತ ಸ್ಥಳವೇ ಬೇರೆ, ಅದರ ವಿಷಯವೇ ಬೇರೆ.

ಕೆರೆಯು ಪುರುಷಪ್ರಯತ್ನದಿಂದಾದ ಜಲಾಶಯ. ಸಪ್ತಸಂತಾನಗಳಲ್ಲಿ ತಟಾಕವನ್ನೂ ಎಣಿಸಿದ ಪೂರ್ವಿಕರು ಅದನ್ನು ಕಟ್ಟಿ ಕೈಬಿಡಲಿಲ್ಲ. ಬಿತ್ತುವಟ್ಟ, ಕಟ್ಟುಕೊಡಗಿ ಮೊದಲಾದ ಶಾಸನಶಬ್ದಗಳು ಅದರ ನಿರ್ಮಾಣ ಪೋಷಣೆಗಳಿಗಾಗಿ ಬಿಟ್ಟ ದತ್ತಿಗಳನ್ನು ಸೂಚಿಸುತ್ತವೆ. ಕೆರೆಯ ಲಕ್ಷಣವನ್ನು ಶಾಸ್ತ್ರರೀತಿಯಲ್ಲಿ ಹೇಳುವ ಲೇಖವೆಂದರೆ ಕಡಪಾ ಸೀಮೆಯ ಪೋರುಮಾಮಿಳ್ಳದ್ದು. ವಿಜಯನಗರದ ಮೊದಲನೆಯ ಬುಕ್ಕನ ಮಗನಾದ ಭಾಸ್ಕರನು, ಎಂದರೆ ಭವದೂರನು, ಅಲ್ಲಿ ಕೆರೆಯನ್ನು ಕಟ್ಟಿಸಿ ಶಕ ೧೨೯೧ರಲ್ಲಿ (ಕ್ರಿ. ಶ. ೧೩೬೯) ಇದನ್ನು ಬರೆಯಿಸಿದನು. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುವಂತೆ. ಧರ್ಮಪರನಾದ ಅರಸು, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ನೆಲ, ಸಿಹಿನೀರಿನ ನದಿ ಮುಂತಾದ ಹನ್ನೆರಡು ಅಂಗಗಳನ್ನು ಹೇಳಿ, ಅನಂತರ ಆರು ದೋಷಗಳನ್ನು ಎಣಿಸಿದೆ. ಏರಿಯಿಂದ ನೀರು ಜಿನುಗುವುದು, ನೆಲವು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ನೀರು ಸ್ವಲ್ಪವಾಗಿ ನೆಲವು ಹೆಚ್ಚುವುದು, ನೆಲವು ಸ್ವಲ್ಪವಾಗಿ ನೀರು ಹೆಚ್ಚುವುದು, ಇವು ಐದು. ಉಳಿದುದು ಕೂರ್ಮ: ಕೆರೆಯಂಗಳದ ನಡುವೆ ಆಮೆಯ ಬೆನ್ನಿನಂತೆ ಎದ್ದಿರುವ ದಿಬ್ಬ.

ಬೇಸಾಯಗಾರನಿಗೆ ಈ ದಿಬ್ಬವು ದೋಷವೆಂಬುದು ಸರಿ; ಅಷ್ಟು ನೀರಿಗೆ ಎಡೆಯಿಲ್ಲದಾಗುತ್ತದೆ. ಆದರೆ ಹಕ್ಕಿಗೆ ಅದೇ ದುರ್ಗ, ಸುತ್ತಲ ನೀರೇ ಅಗಳು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ 'ತಿಟ್ಟು' ಎಂಬ ಹೆಸರಿರುವುದು ಸಾರ್ಥಕವಾಗಿದೆ. ೧೬೪೮ರ ಸುಮಾರಿಗೆ ಕಾವೇರಿಗೆ ಒಡ್ಡು ಹಾಕಿದುದರಿಂದ ಅಲ್ಲಿಯ ನಡುಗಡ್ಡೆಗಳು ಉಂಟಾದುವೆಂದು ಹೇಳುತ್ತಾರೆ. ಪಕ್ಷಿತಜ್ಞರಾದ ಸಲೀಂ ಅಲಿಯವರ ಪ್ರೇರಣೆಯಿಂದ ೧೯೪೦ರಲ್ಲಿ ಮೈಸೂರು ಸಂಸ್ಥಾನವು ಅದನ್ನು ಪಕ್ಷಿಧಾಮವಾಗಿ ಘೋಷಿಸಿತು. ೨೦೨೨ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳಲ್ಲಿ ಸೇರಿತು. ನದಿಯ ದೃಷ್ಟಾಂತವು ಕೆರೆಗೆ ಸಲ್ಲದೆಂದು ಆಕ್ಷೇಪಿಸುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನು ನೋಡಬಹುದು. ಅದು ಹಳ್ಳಿಯ ನೀರಾವರಿಯ ಕೆರೆಯೇ. ಅದರ ಅಂಗಳದಲ್ಲಿ ಬೆಳೆದು ನೀರಿನಲ್ಲಿ ನಿಂತ ಕರಿಜಾಲಿಯ ಮರಗಳಲ್ಲಿ ಹಕ್ಕಿಗಳು ಗೂಡುಕಟ್ಟುತ್ತವೆ. ೨೦೨೪ರಲ್ಲಿ ಅದಕ್ಕೂ ಅದೇ ಮನ್ನಣೆ ಲಭಿಸಿತು.

ಹೂಳೆತ್ತುವುದು ಪುಣ್ಯಕಾರ್ಯ, ಬಂಡಿಗಳಿಂದ ಹೂಳನ್ನು ಸಾಗಿಸುವುದಕ್ಕಾಗಿಯೇ ಹಿಂದೆ ದತ್ತಿಗಳಿದ್ದುವು. ಆದರೆ ಬಂಡಿಯು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ತೆಗೆಯುತ್ತಿದ್ದುದನ್ನು ಇಂದಿನ ಯಂತ್ರವು ಕೆಲವು ದಿನಗಳಲ್ಲಿ ತೆಗೆದು, ದಿಬ್ಬವನ್ನೂ ಜಾಲಿಯನ್ನೂ ಒಂದೇ ಸಮನಾಗಿ ಸವರಬಲ್ಲುದು. ಶಾಸನದ ಮಾತನ್ನು ಅಕ್ಷರಶಃ ಹಿಡಿದರೆ ಇದರಲ್ಲಿ ತಪ್ಪಿಲ್ಲ. ಆ ಶ್ಲೋಕಗಳನ್ನು ರಚಿಸಿದ ಪಂಡಿತನು ಫಲವತ್ತಾದ ಗದ್ದೆಗಳ ಕಡೆಯಿಂದ ಕೆರೆಯನ್ನು ನೋಡಿದನು. ಹಕ್ಕಿಯ ವಿಚಾರವು ಅವನ ಪ್ರಕರಣಕ್ಕೆ ಸೇರಿದುದಲ್ಲ. ಅವನು ಹೇಳದೆ ಬಿಟ್ಟುದನ್ನು ಈ ಸೀಮೆಯ ಹಳ್ಳಿಗರು ಬೇರೆ ಬಗೆಯಲ್ಲಿ ನಡೆಸಿ ತೋರಿಸಿದ್ದಾರೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಣ ಹುಣಸೆಯ ಮರಗಳಲ್ಲೇ ಮರಿಮಾಡಿ, ಮೇವಿಗಾಗಿ ಸುತ್ತಲ ಕೆರೆಗಳಿಗೆ ಹಾರಿಹೋಗುತ್ತವೆ.